ಪೋಥಿಯ ಮುಂದೆ ಒಂದು ಲೋಟ ಉಪ್ಪುನೀರು

ಆ ಮನೆಯಲ್ಲಿ ಗುಳಿಗೆಗಳ ಜಾಗ ದೇವರ ಜಗಲಿ. ಕುಂಕುಮದ ಭರಣಿಯ ಪಕ್ಕ ಒಂದು ಸಣ್ಣ ಸ್ಟೀಲಿನ ಡಬ್ಬಿ, ಅದರ ಮುಚ್ಚಳದ ಮೇಲೆ ಯಾವಾಗಲೂ ಅರಿಶಿನದ ಬೆರಳಿನ ಗುರುತು. ಒಂದು ಸಂಜೆ ಬಸ್ಸು ತಪ್ಪಿ ನಾನು ಕುಂಭಾರಿ ಹಳ್ಳಿಯಲ್ಲೇ ಉಳಿಯಬೇಕಾದಾಗ ಆ ಡಬ್ಬಿಯ ಕ್ರಮವನ್ನು ಕಣ್ಣಾರೆ ನೋಡಿದೆ. ಊಟವಾದ ಮೇಲೆ ಅತ್ತೆ ಕೈಕಾಲು ತೊಳೆದು ಬಂದರು, ಡಬ್ಬಿ ತೆಗೆದರು, ಸೊಸೆಯ ಅಂಗೈಗೆ ಗುಳಿಗೆ ಹಾಕಿ ತುಳಸಿ ಎಲೆ ಬಿಟ್ಟ ನೀರು ಕೊಟ್ಟರು.

“ಬಾಯಿ ತೆಗಿ,” ಅಂದರು.

ಸೊಸೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ, ನನ್ನ ಕಡೆ ನೋಡಿ ನಕ್ಕಳು. “ನಾ ಏನ್ ಸಾಲಿ ಹುಡುಗಿ ಏನ್ರಿ ಅತ್ತಿ?”

“ಸಾಲಿ ಹುಡುಗಿ ಆಗಿದ್ರ ಎರಡು ಬಾರಿಸಿ ನುಂಗಸ್ತಿದ್ದೆ. ಸೊಸಿ ಅದಿ ಅಂತ ಬೆಲ್ಲ ಕೊಡಾಕತ್ತೀನಿ,” ಎಂದು ಅತ್ತೆ ಒಂದು ಚೂರು ಬೆಲ್ಲವನ್ನು ಅವಳ ಕೈಗಿಟ್ಟರು.

ನಾನು ಆಗ ಸೊಲ್ಲಾಪುರದ ಒಂದು ಮನೋರೋಗ ಚಿಕಿತ್ಸಾಲಯದ ಪರವಾಗಿ ವಾರಕ್ಕೊಮ್ಮೆ ಅಕ್ಕಲಕೋಟೆ ರಸ್ತೆಯ ಹಳ್ಳಿಗಳಿಗೆ ಹೋಗುತ್ತಿದ್ದೆ. ಚಿಕಿತ್ಸಾಲಯದ ವೈದ್ಯರು ಮಾತಾಡುವುದು ಮರಾಠಿ. ಹಳ್ಳಿಯಿಂದ ಬಂದವರು ಮರಾಠಿಯಲ್ಲಿ ಎಲ್ಲದಕ್ಕೂ ಹೂಂಗುಟ್ಟುತ್ತಾರೆ, ಹೊರಗೆ ಬಂದ ಮೇಲೆ “ಏನಂದ್ರು?” ಎಂದು ಒಬ್ಬರನ್ನೊಬ್ಬರು ಕನ್ನಡದಲ್ಲಿ ಕೇಳುತ್ತಾರೆ. ಅದಕ್ಕೇ ಎರಡೂ ಭಾಷೆ ಬಲ್ಲ ನಮ್ಮಂಥ ಕೆಲವು ಗೃಹಿಣಿಯರಿಗೆ ತರಬೇತಿ ಕೊಟ್ಟಿದ್ದರು. ಕೆಲಸ ದೊಡ್ಡದೇನಲ್ಲ. ಗುಳಿಗೆ ತಪ್ಪುತ್ತಿಲ್ಲವೇ, ನಿದ್ದೆ ಸರಿಯಾಗಿದೆಯೇ, ನೀರು ಕುಡಿಯುತ್ತಾರೆಯೇ, ಮನೆಯಲ್ಲಿ ಯಾರು ಜೊತೆಗಿದ್ದಾರೆ ಎಂದು ನೋಡಬೇಕು. ರಕ್ತಪರೀಕ್ಷೆಯ ದಿನ ಜೊತೆಗೆ ಬರಬೇಕು. ನಾನು ಬಿಜಾಪುರದಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳು. ಬಾಗಿಲನ್ನು ಸದ್ದಾಗದಂತೆ ಹಾಕುವುದು, ಒಬ್ಬರು ಮಾತು ಮುಗಿಸುವ ತನಕ ಕಾಯುವುದು ಅಲ್ಲಿಂದ ಬಂದ ಅಭ್ಯಾಸಗಳು. ಈ ಕೆಲಸಕ್ಕೆ ಅವು ಸಾಕು ಎಂದುಕೊಂಡಿದ್ದೆ.

ಸೊಸೆಗೆ ಮೂವತ್ತು ದಾಟಿರಲಿಲ್ಲ. ಅವಳದು ಮನಸ್ಸು ಏರಿ ಇಳಿಯುವ ಕಾಯಿಲೆ. ಏರಿದಾಗ ನಿದ್ದೆ ಇಲ್ಲ, ಹಾಡು, ಓಡಾಟ. ಇಳಿದಾಗ ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ. ಹಿಂದೊಮ್ಮೆ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಸುಕಿನಲ್ಲಿ ಅಕ್ಕಲಕೋಟೆಗೆ ಹೊರಟು, ಲಾರಿಗಳ ನಡುವೆ ಹಾಡುತ್ತ ನಡೆದಿದ್ದಳಂತೆ. ಅವತ್ತೇ ಅವಳ ತಾಯಿ ನಂದೇಶ್ವರದಿಂದ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋದರು. “ವರ್ಷಪೂರ್ತಿ ಬರೋಬರ್ ಇದ್ದಳಂದ್ರ ಸಾಲಿ ಸುರು ಆಗೂ ಮುಂದ ತಂದು ಬಿಡ್ತೀನಿ,” ಎಂದಿದ್ದರು. ಜೂನ್‌ನಲ್ಲಿ ಮಗು ಒಂದನೆಯ ತರಗತಿಗೆ ಸೇರಬೇಕು. ನಾನು ಹೇಳುತ್ತಿರುವುದು ಆ ಜೂನ್‌ಗೆ ಮೊದಲಿನ ಬೇಸಿಗೆಯ ಕಥೆ. ಆ ಹೊತ್ತಿಗೆ ವರ್ಷ ತುಂಬುತ್ತ ಬಂದಿತ್ತು. ಮನೆಯಲ್ಲಿ ಮಗುವಿಗಾಗಿ ಹಸಿರು ಪಾಟೀಚೀಲವೊಂದು ಆಗಲೇ ಗೂಟಕ್ಕೆ ತೂಗುತ್ತಿತ್ತು. ಸೊಸೆ ಕಸ ಗುಡಿಸುವಾಗ ಅದರ ಮೇಲಿನ ಧೂಳನ್ನೂ ಒರೆಸುತ್ತಿದ್ದಳು.

ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಲಿಥಿಯಂ ಎಂಬ ಔಷಧ ಮತ್ತು ಅತ್ತೆ. ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನಾನು ಹೇಳಲಾರೆ. ಈ ಔಷಧಕ್ಕೆ ಆಗಾಗ ರಕ್ತ ಪರೀಕ್ಷಿಸಬೇಕು, ಅದೂ ರಾತ್ರಿಯ ಗುಳಿಗೆ ನುಂಗಿ ಹನ್ನೆರಡು ತಾಸಾದ ಮೇಲೆ. ಬೆಳಗಿನ ಬಸ್ಸಿಗೆ ಹೊಂದಬೇಕೆಂದು ಅತ್ತೆ ಆ ವಾರವಿಡೀ ಮನೆಯವರ ಊಟದ ಹೊತ್ತನ್ನೇ ಹಿಂದೆ ಮುಂದೆ ಮಾಡುತ್ತಿದ್ದರು. ಬೇರೆ ಮನೆಗಳಲ್ಲಿ ನಾನು ಕಂಡದ್ದು ಬೇರೆ. ಗುಳಿಗೆಯನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಡುವವರು, ಬೀಗರು ಬಂದರೆ ನಾಲ್ಕು ದಿನ ನಿಲ್ಲಿಸುವವರು, ಸ್ವಲ್ಪ ಗುಣವಾದರೆ “ಇನ್ನೇನು, ಸಾಕು” ಅನ್ನುವವರು. ತಿಂಗಳ ಸಭೆಯಲ್ಲಿ ಈ ಅತ್ತೆಯ ಹೆಸರನ್ನು ವೈದ್ಯರೇ ಎತ್ತುತ್ತಿದ್ದರು. ಅದನ್ನು ನಾನು ಹೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡು, “ನಿಮ್ಮ ಡಾಕ್ಟರ್ ಮಾತಾಡಿದ್ರ ನನಗ ಬೈದಂಗ ಕೇಳಸ್ತದ್ರಿ. ಹೊಗಳ್ತಾರಂತ ಈಗ ಗೊತ್ತಾತು,” ಅಂದರು.

ಮೇ ತಿಂಗಳ ಭೇಟಿಯೊಂದರಲ್ಲಿ ಅತ್ತೆ ಖುಷಿಯಾಗಿದ್ದರು.

“ಅಕ್ಕಾರ, ಬರೂ ವಾರ ಪಾರಾಯಣಕ್ಕ ಕೂಡ್ತೀವ್ರಿ. ನಮ್ಮ ಹಿರೇ ಭಾವ ಪೋಥಿ ಓದ್ತಾರ, ನಾನೂ ಇಕಿನೂ ಕೇಳ್ತೀವಿ. ಕೂಸು ಮನಿಗಿ ಬರೂ ಮುಂದ ಸೇವಾ ಮುಗಸ್ತೀನಂತ ಸ್ವಾಮಿಗಳ ಮುಂದ ಬೇಡ್ಕೊಂಡಿದ್ದೆ.”

ಅಕ್ಕಲಕೋಟೆಯ ಸುತ್ತಮುತ್ತ ಇದು ಹೊಸದಲ್ಲ. ಏಳು ದಿನ ದಿನಕ್ಕಿಷ್ಟು ಅಂತ ಸ್ವಾಮಿಗಳ ಮಹಿಮೆಯ ಗ್ರಂಥವಾದ ಪೋಥಿ ಓದುವುದು, ನೇಮದಿಂದ ಇರುವುದು, ಕೊನೆಗೆ ಊಟ ಹಾಕುವುದು. ನನ್ನ ಗಂಡನ ಮನೆಯವರು ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳು, ಲಿಂಗಪೂಜೆಯವರು. ಪಾರಾಯಣವನ್ನು ಹೊರಗಿನಿಂದ ಬಲ್ಲೆ, ಅದರ ಒಳಗಿನ ನೇಮ ಬಲ್ಲವಳಲ್ಲ. ಆದರೆ ತರಬೇತಿಯಲ್ಲಿ ನಮಗೆ ಒತ್ತಿ ಹೇಳಿದ್ದ ಒಂದು ಮಾತಿತ್ತು. ವ್ರತ, ಉಪವಾಸ ಅಂದ ಕೂಡಲೇ ಗುಳಿಗೆಯ ಬಗ್ಗೆ ಕೇಳಬೇಕು. ಕೇಳಿದೆ.

“ಗುಳಿಗಿ ಬಿಡೂದಿಲ್ಲಲ್ಲ ಕಾಕೂ?”

“ಅದನ್ನ ಮೊದಲ ಕೇಳೀನ್ರಿ ನಾ. ಔಷಧಕ್ಕ ದೋಷ ಇಲ್ಲ ಅಂತ ಭಾವ ಹೇಳ್ಯಾರ. ಹಾಲಿನ ಜೋಡಿ ಕೊಡ್ತೀನಿ. ಒಂದು ರಾತ್ರೀನೂ ತಪ್ಪಂಗಿಲ್ಲ.”

ನನಗೆ ನಿರಾಳವಾಯಿತು. ಒಳ್ಳೆಯದು ಕಾಕೂ, ಎಂದೆ. ಸೊಸೆ ಚಹಾ ತಂದಳು. ಬಸಿಯಲ್ಲಿ ಒಂದು ಹನಿಯೂ ಚೆಲ್ಲಿರಲಿಲ್ಲ.

ಪಾರಾಯಣದ ಐದನೆಯ ದಿನ ಮಧ್ಯಾಹ್ನ ಫೋನು ಮಾಡಿದೆ. ಓದು ಮುಗಿದು ಎಲ್ಲರೂ ಅಡ್ಡಾಗಿದ್ದ ಹೊತ್ತು. ಸೊಸೆಯೇ ಎತ್ತಿಕೊಂಡಳು.

“ಆರಾಮ ಅದೀನ್ರಿ ಅಕ್ಕಾರ. ಒಂದೀಟು ಹೊಟ್ಟಿ ತೊಳಸಿದಂಗ ಆಗ್ತದ. ಬಿಸಲಿಗಿ ಇರಬೇಕ್ರಿ.”

ಮಾತು ತೂಕಡಿಕೆಯ ಮಾತಿನಂತಿತ್ತು. ಅದರ ಹಿಂದೆ ಇನ್ನೊಂದು ಸದ್ದು ಕೇಳುತ್ತಿತ್ತು, ಗಾಜಿನ ಬಳೆಯದು. ಮೊದಲು ಅವಳು ಏನೋ ಕೆಲಸ ಮಾಡುತ್ತ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳು ಸುಮ್ಮನಾದಾಗಲೂ ಬಳೆ ಸುಮ್ಮನಾಗಲಿಲ್ಲ. ಸಣ್ಣಗೆ, ಒಂದೇ ಸಮನೆ ಕಿಣಿಕಿಣಿ. ಫೋನು ಹಿಡಿದ ಕೈಯ ಬಳೆ.

ಈ ಔಷಧದಲ್ಲಿ ಬೆರಳ ತುದಿ ಒಂದಿಷ್ಟು ನಡುಗುವುದು ಸಾಮಾನ್ಯ. ಬಳೆ ಸದ್ದು ಮಾಡುವಷ್ಟು ಕೈ ಅಲುಗುವುದು ಸಾಮಾನ್ಯವಲ್ಲ. ಚಿಕಿತ್ಸಾಲಯಕ್ಕೆ ಫೋನು ಮಾಡಿದೆ, ವೈದ್ಯರು ಊರಲ್ಲಿರಲಿಲ್ಲ. ಅತ್ತೆಗೆ ಮತ್ತೆ ಮಾಡಿದೆ, ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಕೆಲಸವೆಂದು ಗಾಡಿ ಗೊತ್ತುಮಾಡಿಕೊಂಡು ಹೊರಟೆ.

ಆರನೆಯ ದಿನ. ಅಂಗಳಕ್ಕೆ ಕಾಲಿಡುತ್ತಲೇ ರಂಗೋಲಿ ಕಾಣಿಸಿತು. ಆ ಸೊಸೆಯ ರಂಗೋಲಿ ದಾರ ಎಳೆದಂತಿರುತ್ತಿತ್ತು. ಅವತ್ತು ಗೆರೆಗಳು ದಪ್ಪ, ಅಲ್ಲಲ್ಲಿ ಗುಪ್ಪೆ. ಒಂದು ಬಳ್ಳಿ ಚುಕ್ಕಿ ಬಿಟ್ಟು ಹೊರಗೆ ಹೋಗಿ ಅಲ್ಲೇ ನಿಂತಿತ್ತು. ಒಳಗೆ ಓದು ನಡೆದಿತ್ತು. ಆ ಭಾವ, ಮನೆಯ ಹಿರಿಯರು, ಮಣೆಯ ಮೇಲೆ ಕೂತು, ಎದುರಿಗೆ ಪೋಥಿ ಇಟ್ಟುಕೊಂಡು, ಮರಾಠಿ ಸಾಲುಗಳನ್ನು ರಾಗವಾಗಿ ಓದುತ್ತಿದ್ದರು. ಅತ್ತೆ ಕೈಮುಗಿದು ಕೂತಿದ್ದರು. ಸೊಸೆ ಕಂಬಕ್ಕೆ ಒರಗಿದ್ದಳು. ಕಣ್ಣು ಅರ್ಧ ಮುಚ್ಚಿತ್ತು, ತುಟಿ ಒಡೆದಿತ್ತು, ಮುಗಿದ ಕೈಗಳು ಮೊಣಕೈಯಿಂದಲೇ ಅಲುಗುತ್ತಿದ್ದವು.

ಅವಳ ಗಂಡ ಬಾಗಿಲ ಬಳಿ ನಿಂತಿದ್ದ. ಸೊಲ್ಲಾಪುರದ ಟಾವೆಲ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಅವನದು, ಆಗಷ್ಟೇ ಮನೆಗೆ ಬಂದಿದ್ದ.

“ನಿನ್ನಿಂದ ವಾಂತಿ ಆಗಾಕತ್ತಾವ್ರಿ ಅಕ್ಕಾರ,” ಎಂದು ಪಿಸುಗುಟ್ಟಿದ. “ಮುಂಜಾನಿ ನಡೀಬೇಕಂದ್ರ ಕುಡದವರಂಗ ಜೋಲಿ ಹೊಡದ್ಲು. ಅವ್ವ ಅಂತಾಳ, ನೇಮಕ್ಕ ಹೊಟ್ಟಿ ಹೊಂದ್ಕೊಂಡಿಲ್ಲ ಅಂತ.”

“ಏನು ತಿಂತಾರ ಇವರು?”

“ಗೋಧಿ ಚಪಾತಿ, ಹಾಲು. ಉಪ್ಪಿಂದು ಏನೂ ಇಲ್ರಿ. ಪಾರಾಯಣದಾಗ ಉಪ್ಪು ಮುಟ್ಟಂಗಿಲ್ಲಲ್ಲ. ನಡುವ ಏಳಬಾರದಂತ ಇಕಿ ನೀರೂ ಕಡಿಮಿ ಮಾಡ್ಯಾಳ.”

ಲಿಥಿಯಂ ಕೂಡ ಒಂದು ಬಗೆಯ ಉಪ್ಪೇ. ಮೈಯಲ್ಲಿ ಅಡುಗೆಯ ಉಪ್ಪು ಕಡಿಮೆಯಾದರೆ, ಸಾಲದ್ದಕ್ಕೆ ನೀರೂ ಕಡಿಮೆಯಾದರೆ, ಮೂತ್ರಪಿಂಡ ಇದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದು ಏರುತ್ತ ಹೋಗುತ್ತದೆ, ಔಷಧ ವಿಷವಾಗುತ್ತದೆ. “ಉಪ್ಪು ಕಡಿಮೆ ಮಾಡಬಾರದು” ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ನಾನೇ ಕನ್ನಡ ಮಾಡಿ ತಿಳಿಸಿದ್ದೆ. ಅತ್ತೆ ಅದನ್ನು ನೆನಪಿಟ್ಟುಕೊಂಡೇ ಇದ್ದರು. ಸೊಸೆಯ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ರುಚಿ ನೋಡುತ್ತಿದ್ದವರು ಅವರು. ಆದರೆ ಅದು ಊಟದ ಮಾತು. ಪಾರಾಯಣದ ಅಳಣಿ, ಅಂದರೆ ಉಪ್ಪಿಲ್ಲದ ಊಟ, ಅವರ ಲೆಕ್ಕದಲ್ಲಿ ಊಟಕ್ಕೆ ಸೇರಿದ್ದೇ ಅಲ್ಲ, ಅದು ಸೇವೆ. ಗುಳಿಗೆಯನ್ನು ಮರೆತಿದ್ದರೂ ಇಷ್ಟಾಗುತ್ತಿರಲಿಲ್ಲವೇನೋ. ಅವರು ಒಂದು ರಾತ್ರಿಯೂ ಮರೆಯಲಿಲ್ಲ.

ಅಂಗಳಕ್ಕೆ ಬಂದು ವೈದ್ಯರಿಗೆ ಫೋನು ಹಚ್ಚಿದೆ. ಈ ಸಲ ಸಿಕ್ಕರು. ಕೈ ನಡುಕ, ನಡಿಗೆ, ವಾಂತಿ, ಅಳಣಿ ಊಟ, ಎಲ್ಲ ಹೇಳಿದೆ. ಅವರು ನನ್ನ ಮಾತು ಮುಗಿಯುವ ತನಕ ಕಾಯಲಿಲ್ಲ.

“ಗುಳಿಗೆ ನಿಲ್ಲಿಸಿ. ಈಗಲೇ ದೊಡ್ಡ ಆಸ್ಪತ್ರೆಗೆ ತನ್ನಿ, ನಾನು ಅಲ್ಲಿಗೆ ಹೇಳಿಡುತ್ತೇನೆ. ಎಚ್ಚರ ಇದ್ದು ನುಂಗಲು ಬಂದರೆ ಉಪ್ಪು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕೊಡುತ್ತ ಬನ್ನಿ. ನಾಳೆ ಅನ್ನಬೇಡಿ.”

ಓದಿನ ನಡುವೆ ಮಾತಾಡಬಾರದು. ಬಾಗಿಲಲ್ಲಿ ನಿಂತು ಅತ್ತೆಯ ಕಣ್ಣು ನನ್ನ ಕಡೆ ತಿರುಗುವುದನ್ನು ಕಾದೆ. ತಿರುಗಲಿಲ್ಲ. ಕೊನೆಗೆ ಕರೆದೆ.

“ಕಾಕೂ, ಇಕಿನ್ನ ದವಾಖಾನಿಗಿ ಒಯ್ಯಬೇಕು. ಈಗ.”

ಹಿರಿಯರ ಓದು ನಿಂತಿತು. ಅವರು ತಲೆ ಎತ್ತಲಿಲ್ಲ, ಬೆರಳನ್ನು ಸಾಲಿನ ಮೇಲೆಯೇ ಇಟ್ಟುಕೊಂಡಿದ್ದರು. ಅತ್ತೆ ಎದ್ದು ಬಂದರು. ದನಿ ಮೆತ್ತಗಿತ್ತು.

“ಅಕ್ಕಾರ, ನಾಳಿಗಿ ಸಮಾಪ್ತಿ ಅದ. ಒಂದ ದಿನ. ನಾಳಿ ಮಧ್ಯಾಹ್ನ ನಾನ ಕರಕೊಂಡು ಬರ್ತೀನಿ. ಆಣಿ ಮಾಡ್ತೀನಿ.”

“ನಾಳಿತನ ತಡಿಯಂಗಿಲ್ಲ ಕಾಕೂ. ಉಪ್ಪು ಬಿಟ್ಟದ್ದಕ್ಕ ಗುಳಿಗಿ ಮೈಯಾಗ ಕೂತದ. ಅದು ಈಗ ವಿಷ ಆಗೇದ.”

“ಗುಳಿಗಿ ನಾ ಕೊಟ್ಟೀನಲ್ರಿ,” ಅಂದರು. ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲ ಎಂದುಕೊಂಡೆ. ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ.

“ಕೂಸಿನ ಸಲುವಾಗಿ ಹಿಡದ ಸೇವಾ ಅದು. ನಡುವ ಮುರದ್ರ ಕೂಸಿಗಿ ಬಡೀತದ,” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಆಗ ಕಂಬದ ಹತ್ತಿರ ಸೊಸೆ ಮತ್ತೆ ವಾಂತಿ ಮಾಡಿಕೊಂಡಳು. ಗಂಡ ಓಡಿ ಹೋಗಿ ಹಿಡಿದ. ನಾನು ಅಡುಗೆಮನೆಗೆ ಹೋದೆ. ಉಪ್ಪಿನ ಭರಣಿ ಇರಲಿಲ್ಲ. ಪಾರಾಯಣ ಮುಗಿಯುವವರೆಗೆ ಕಣ್ಣಿಗೂ ಬೀಳಬಾರದೆಂದು ಅದನ್ನು ಬಟ್ಟೆ ಕಟ್ಟಿ ಪಕ್ಕದ ಮನೆಯಲ್ಲಿ ಇಟ್ಟಿದ್ದರು. ಅಲ್ಲಿಂದ ಇಸಿದುಕೊಂಡು ಬಂದೆ. ಲೋಟದ ನೀರಿಗೆ ಉಪ್ಪು ಸಕ್ಕರೆ ಹಾಕಿ ಕಲಕಿದೆ. ಗಾಡಿ ಅಂಗಳದಲ್ಲೇ ನಿಂತಿತ್ತು. ಅವಳನ್ನು ಎತ್ತಿ ಗಾಡಿಗೆ ಒಯ್ಯಲು ಎಷ್ಟು ಹೊತ್ತು ಬೇಕಿತ್ತು? ಆದರೆ ನನಗೆ ಆ ಹೊತ್ತಿಗೆ ಒಂದೇ ತಿಳಿದಿತ್ತು. ಇವಳಿಗೆ ಬೇಕಾದದ್ದು ಉಪ್ಪು, ಅದು ನನ್ನ ಕೈಯಲ್ಲಿದೆ. ಪೋಥಿಯ ಮುಂದೆ, ಆ ಮಣೆಯ ಮುಂದೆ ಮೊಣಕಾಲೂರಿ, ಅವಳ ತಲೆಯನ್ನು ಎತ್ತಿ ಹಿಡಿದು ಲೋಟವನ್ನು ತುಟಿಗೆ ಹಚ್ಚಿದೆ. ಅವಳು ಬಾಯಿ ಬಿಗಿದಳು. ಅರ್ಧ ಮುಚ್ಚಿದ ಕಣ್ಣಿನಲ್ಲೇ ಅತ್ತೆಯನ್ನು ಹುಡುಕಿದಳು.

“ಬಾಯಿ ತೆಗಿ,” ಅಂದೆ.

ತೆಗೆದಳು. ಎರಡು ಗುಟುಕು ಕುಡಿದಳು.

ಹಿರಿಯರು ಪೋಥಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದರು. ಅತ್ತೆ ನಮ್ಮ ಜೊತೆ ಗಾಡಿ ಹತ್ತಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಲಿಥಿಯಂ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಸಲೈನ್ ಹಚ್ಚಿದರು, ಮೂತ್ರದ ಅಳತೆ ಇಟ್ಟರು, ಹೃದಯದ ಪರೀಕ್ಷೆ ಮಾಡಿದರು, ದಿನದಿನವೂ ರಕ್ತ ನೋಡಿದರು. ಮೊದಲು ಮಾತು ತಿಳಿಯಾಯಿತು, ಆಮೇಲೆ ಕೈ, ಕೊನೆಗೆ ನಡಿಗೆ. ಒಂದು ದಿನ ಹೋದಾಗ ಅವಳು ಮಂಚದ ಮೇಲೆ ಕೂತು ಕಿತ್ತಳೆ ಸಿಪ್ಪೆಯನ್ನು ಮುರಿಯದಂತೆ ಒಂದೇ ಎಳೆಯಾಗಿ ಸುಲಿಯುತ್ತಿದ್ದಳು. ಅಲ್ಲಿಗೆ ಗೆದ್ದೆವು ಅಂದುಕೊಂಡೆ.

ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಸರಿಯಾದ ಹೊತ್ತಿಗೆ ತಂದಿರಿ, ಇನ್ನೂ ಒಂದು ದಿನ ಕಳೆದಿದ್ದರೆ ಮೂತ್ರಪಿಂಡ, ಮೆದುಳು ಏನಾಗುತ್ತಿತ್ತೋ ಎಂದರು. ನಾನು ಆ ಲೋಟದ ಬಗ್ಗೆ ಕೇಳಿದೆ.

“ಎರಡು ಗುಟುಕಿನಿಂದ ಏನೂ ಆಗುವುದಿಲ್ಲ,” ಎಂದರು. “ಕೆಲಸ ಮಾಡಿದ್ದು ಸಲೈನ್. ದಾರಿಯಲ್ಲಿ ಕೊಡಿ ಎಂದದ್ದು, ಒಣಗದೆ ಇರಲಿ ಅಂತ ಅಷ್ಟೆ.”

ಅವರು ಅದನ್ನು ಸಮಾಧಾನದ ಮಾತಾಗಿಯೇ ಹೇಳಿದ್ದರು.

ಅತ್ತೆ ಆಸ್ಪತ್ರೆಗೆ ಬರಲಿಲ್ಲ. ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಮೊದಲ ದಿನವೇ ಬೇಳೆಯಲ್ಲಿ ಉಪ್ಪು ಸರಿಯಾಗಿತ್ತು. ಮಗ ನನಗೆ ಹೊರಗಿನ ಬೆಂಚಿನ ಮೇಲೆ ಹೇಳಿದ: “ಅವ್ವ ಒಂದ ಮಾತು ಹಿಡದು ಕೂತಾಳ್ರಿ. ವರ್ಷಪೂರ್ತಿ ನನ್ನ ಕೈಲೇ ವಿಷ ಕೊಟ್ಟೀನೇನು, ಅಂತ.”

“ವಿಷ ಅಲ್ಲಪಾ ಅದು. ಅವರು ಕೊಟ್ಟದ್ದಕ್ಕ ಇಕಿ ವರ್ಷ ನೆಟ್ಟಗಿದ್ಲು.”

“ವಿಷ ಅಂತ ನೀವ ಅಂದ್ರಂತಲ್ರಿ,” ಎಂದ. ಬಿರುಸಾಗಿ ಏನಲ್ಲ. ನೆಲ ನೋಡುತ್ತಿದ್ದ.

ಅಂದಿದ್ದೆ. ಅವಸರದಲ್ಲಿ, ಅರ್ಥವಾಗಲಿ ಎಂದು, ಸುಲಭದ ಮಾತು ಹುಡುಕಿ ಅಂದಿದ್ದೆ.

ಮನೆಗೆ ಕಳಿಸಿ ಕೆಲವು ವಾರಗಳಾದ ಮೇಲೆ ವೈದ್ಯರು ಕಡಿಮೆ ಪ್ರಮಾಣದಲ್ಲಿ ಅದೇ ಔಷಧವನ್ನು ಮತ್ತೆ ಶುರು ಮಾಡಿದರು; ಅವಳಿಗೆ ಅದರಷ್ಟು ಹೊಂದಿದ್ದು ಬೇರೊಂದಿರಲಿಲ್ಲ. ನಾನು ಕುಂಭಾರಿಗೆ ಹೋಗಿ ಅತ್ತೆಯ ಎದುರು ಕೂತು ಉಪ್ಪಿನದು, ನೀರಿನದು, ಮೂತ್ರಪಿಂಡದ್ದು ಎಲ್ಲ ಬಿಡಿಸಿ ಹೇಳಿದೆ. ಒಂದು ತಟ್ಟೆಯಲ್ಲಿ ಕಡಲೆ ಹರಡಿ, ಇದು ಔಷಧ, ಇದು ಉಪ್ಪು ಎಂದು ಸರಿಸಿ ಸರಿಸಿ ತೋರಿಸಿದೆ. ಅವರು ಕೇಳಿದರು. ನಡುವೆ ಒಂದು ಸರಿಯಾದ ಪ್ರಶ್ನೆಯನ್ನೂ ಕೇಳಿದರು, ಏಕಾದಶಿಯ ಉಪವಾಸ ನಡೆಯುತ್ತದೆಯೇ ಎಂದು. ಕೊನೆಗೆ ಕಡಲೆಯನ್ನು ಒಟ್ಟುಮಾಡಿ ಡಬ್ಬಿಗೆ ಹಾಕಿದರು.

“ನೀವು ಹೇಳಿದ್ದು ತಿಳೀತ್ರಿ ಅಕ್ಕಾರ. ಖರೇ ಅದ. ಆದ್ರ ಕೈ ಕೇಳಂಗಿಲ್ಲ.”

ಗುಳಿಗೆಯ ಸ್ಟೀಲಿನ ಡಬ್ಬಿ ಜಗಲಿಯಿಂದ ಇಳಿದು ಟಿವಿಯ ಮೇಲೆ ಬಂದಿತ್ತು. ಮುಚ್ಚಳ ಥಳಥಳ ಹೊಳೆಯುತ್ತಿತ್ತು. ಅರಿಶಿನದ ಗುರುತು ಇರಲಿಲ್ಲ.

ನಂದೇಶ್ವರಕ್ಕೆ ಸುದ್ದಿ ಹೋಗಿತ್ತು. ಅಲ್ಲಿಯ ತಾಯಿಗೆ ಮುಟ್ಟಿದ್ದು ಇಷ್ಟೇ: ಮತ್ತೆ ತಬ್ಯೇತ್ ಕೆಟ್ಟಿತು, ದವಾಖಾನೆಗೆ ಹಾಕಿದರು. ಇದು ಆ ಕಾಯಿಲೆಯಲ್ಲ, ಬೇರೆ ಎಂದು ನಾನು ಫೋನಿನಲ್ಲಿ ಹೇಳಿದೆ.

“ನೀವು ಛಲೋ ಮಂದಿ ಅದೀರಿ. ಆದ್ರ ದವಾಖಾನಿ ಅಂದ್ರ ದವಾಖಾನಿನ ಅಲ್ರಿ? ಈ ವರ್ಷ ಕೂಸಿನ್ನ ಇಲ್ಲೇ ಸಾಲಿಗಿ ಹಾಕ್ತೀನಿ. ಮುಂದಿನ ವರ್ಷ ನೋಡೂಣು,” ಎಂದರು. ನಾನು ಇನ್ನೂ ಏನೋ ಹೇಳುವಷ್ಟರಲ್ಲಿ ಹಿಂದಿನಿಂದ ಮಗುವಿನ ದನಿ ಕೇಳಿತು. ಅದು ಯಾರ ಫೋನು ಎಂದು ಮರಾಠಿಯಲ್ಲಿ ಕೇಳುತ್ತಿತ್ತು.

ಜೂನ್ ಬಂತು, ಹೋಯಿತು. ಗುಳಿಗೆ ಕೊಡುವುದು ಗಂಡನ ಪಾಲಿಗೆ ಬಂತು. ಹಗಲು ಪಾಳಿಯ ವಾರ ಸರಿ, ರಾತ್ರಿ ಪಾಳಿಯ ವಾರ ತಪ್ಪಿತು. ಸೊಸೆ ತಾನಾಗಿ ತೆಗೆದುಕೊಳ್ಳಲಿ ಎಂದೆವು. “ತಗೊಂಡೀನ್ರಿ,” ಅನ್ನುತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ. ಆದರೆ ಗುಳಿಗೆ ಎಂದರೆ ಅವಳಿಗೆ ತುಳಸಿ ನೀರು, ಬೆಲ್ಲ, “ಬಾಯಿ ತೆಗಿ” ಎಂಬ ದನಿ. ಅವಿಲ್ಲದ ರಾತ್ರಿ ತೆಗೆದುಕೊಂಡ ನೆನಪೂ, ತೆಗೆದುಕೊಳ್ಳದ ನೆನಪೂ ಒಂದೇ ಆಗಿಬಿಡುತ್ತಿತ್ತು. ಮುಂದಿನ ರಕ್ತಪರೀಕ್ಷೆಯಲ್ಲಿ ಔಷಧ ಇದ್ದೂ ಇಲ್ಲದಷ್ಟಿತ್ತು. ಶ್ರಾವಣದಲ್ಲಿ ಅವಳು ನಿದ್ದೆ ಬಿಟ್ಟಳು. ಓಣಿಯ ಹೆಂಗಸರಿಗೆಲ್ಲ ಬಳೆ ಇಡಿಸಿದಳು. ಒಂದು ಬೆಳಿಗ್ಗೆ ಆ ಹಸಿರು ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟವಳು ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ, ನಂದೇಶ್ವರದ ದಾರಿಯ ಮಂಗಳವೇಢೆ ಬಸ್ಸಿನೊಳಗೆ ಸಿಕ್ಕಳು. ಮಗಳಿಗೆ ಚೀಲ ಕೊಟ್ಟು ಬರುತ್ತೇನೆ ಎಂದು ಕಂಡಕ್ಟರನಿಗೆ ನಗುನಗುತ್ತ ಹೇಳುತ್ತಿದ್ದಳಂತೆ. ಗಂಡ ಹೋಗಿ ಇಳಿಸಿಕೊಂಡು ಬಂದ. ಇಳಿಯುವಾಗ ಅತ್ತಳು ಎಂದ.

ಮತ್ತೆ ಆಸ್ಪತ್ರೆ, ಮತ್ತೆ ಮೊದಲಿನಿಂದ. ಈ ಸಲ ಬೇರೆ ಏರ್ಪಾಡು ಮಾಡಿದೆವು. ರಾತ್ರಿ ಪಾಳಿಯಿದ್ದಾಗ ಗಂಡ ಕಾರ್ಖಾನೆಯಿಂದ ವಿಡಿಯೋ ಕರೆ ಮಾಡುತ್ತಾನೆ, ಹಿಂದಿನಿಂದ ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಅವಳು ಗುಳಿಗೆ ತೋರಿಸಿ, ನುಂಗಿ, ಬಾಯಿ ತೆರೆದು ತೋರಿಸುತ್ತಾಳೆ. ಅವನು ಹೆಬ್ಬೆಟ್ಟು ಎತ್ತುತ್ತಾನೆ. ನಡೆಯುತ್ತಿದೆ. ದೀಪಾವಳಿಯ ಹೊತ್ತಿಗೆ ಅವಳ ರಂಗೋಲಿ ಮತ್ತೆ ದಾರ ಎಳೆದಂತಾಯಿತು.

ಅಷ್ಟೂ ತಿಂಗಳು ಅತ್ತೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಬರ್ರಿ, ಕೂಡ್ರಿ, ಚಹಾ ತಗೋರಿ. ಮುಖ ಸಿಂಡರಿಸಿದವರಲ್ಲ. ಹಾಗೆ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಳೆದ ತಿಂಗಳು ಹೋದಾಗ ಊಟದ ಹೊತ್ತಾಗಿತ್ತು. “ಉಂಡ ಹೋಗ್ರಿ,” ಎಂದರು. ಮೂವರಿಗೂ ತಾಟು ಇಟ್ಟರು. ಜೋಳದ ರೊಟ್ಟಿ, ಬೇಳೆ, ಬದನೆಕಾಯಿ, ಶೇಂಗಾ ಚಟ್ನಿ. ಸೊಸೆಯ ತಾಟಿನ ಅಂಚಿಗೆ ಮೊದಲು ಉಪ್ಪು ಬಡಿಸಿದರು. ಆಮೇಲೆ ಒಳಗೆ ಹೋಗಿ ತಮಗೆ ಬೇರೆ ಪಾತ್ರೆಯಿಂದ ಬೇಳೆ ಹಾಕಿಕೊಂಡು ಬಂದರು. ಅವರ ತಾಟಿನಲ್ಲಿ ಚಟ್ನಿ ಇರಲಿಲ್ಲ.

ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಅವತ್ತು ಹೇಳಿದೆ. “ಕಾಕೂ, ಆ ನೀರು ನಾ ಗಾಡ್ಯಾಗ ಕೊಡಬೇಕಾಗಿತ್ತು.”

ಅವರು ನೊಣ ಹೊಡೆದರು.

“ಕೊಡಬೇಕಾಗಿತ್ತು,” ಅಂದರು.

ಸ್ವಲ್ಪ ಹೊತ್ತಿನ ಮೇಲೆ ನಾನು ಅವರ ತಾಟು ನೋಡುತ್ತಿದ್ದುದನ್ನು ಕಂಡರು.

“ಬ್ಯಾಳಿಗಿ ಉಪ್ಪಿಲ್ಲೇನು ಕಾಕೂ?” ಎಂದು ಕೇಳಿದೆ.

“ಇಲ್ರಿ. ಒಂದ ದಿನ ಉಳದಿತ್ತಲ್ಲ, ಅದನ್ನ ಎಳಕೊಂಡು ಹೊಂಟೀನಿ. ಕೂಸು ಮನಿಗಿ ಬಂದ ದಿನ ಸಮಾಪ್ತಿ.”

“ಮೇ ತಿಂಗಳಿಂದ?”

“ನಾ ಗುಳಿಗಿ ನುಂಗಂಗಿಲ್ಲಲ್ರಿ ಅಕ್ಕಾರ,” ಎಂದರು. “ನನಗ ನಡೀತದ.”

ವಯಸ್ಸಾದ ಮೈಗೆ ಇದೂ ಒಳ್ಳೆಯದಲ್ಲ, ಬರುವ ಬೇಸಿಗೆಯಲ್ಲಿ ತಲೆ ಸುತ್ತಿ ಬೀಳುತ್ತೀರಿ ಎಂದು ಹೇಳಬೇಕಾದದ್ದು ನನ್ನ ಕೆಲಸ. ಸೊಸೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು, ಅವಳಿಗೆ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉಪ್ಪಿನ ಭರಣಿ ಎಳೆದುಕೊಂಡು ನನ್ನ ತಾಟಿನ ಅಂಚಿಗೂ ಒಂದು ಚಿಟಿಕೆ ಇಟ್ಟರು. ಆಮೇಲೆ ಬೆರಳನ್ನು ನೀರಿನಲ್ಲಿ ಅದ್ದಿ, ಸೆರಗಿಗೆ ಒರೆಸಿ, ಒಂದು ಕಣವೂ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿಕೊಂಡು, ತಮ್ಮ ರೊಟ್ಟಿ ಮುರಿದರು.